ನಾಳೆಯ ಅಕ್ಕಿ

ಸಕಲೇಶಪುರದ ಕಡೆ ವೈಶಾಖ ಮಾಸ ಮುಗಿಯುತ್ತ ಬಂದಾಗ ಎದುರಾದವರು ಕ್ಷೇಮಸಮಾಚಾರ ಕೇಳುವ ರೀತಿಯೇ ಬೇರೆ. ‘ಚೆನ್ನಾಗಿದ್ದೀರಾ?’ ಎನ್ನುವುದಕ್ಕೆ ಬದಲು ‘ಮಳೆಗಾಲಕ್ಕೆ ಎಲ್ಲಾ ಆಯ್ತಾ?’ ಎನ್ನುತ್ತಾರೆ. ಸೌದೆ ಒಡೆದು ಒಳಗೆ ಸೇರಿಸಿದಿರಾ, ಮಾಡಿನ ಹೆಂಚು ಕೈಯಾಡಿಸಿದಿರಾ, ಮೆಣಸಿನಕಾಯಿ ಒಣಗಿತೆ, ಉಪ್ಪು ಹುಣಿಸೆ ಭರಣಿ ಸೇರಿದುವೆ—ಇಷ್ಟೂ ಪ್ರಶ್ನೆಗಳು ಆ ಒಂದು ಮಾತಿನಲ್ಲಿ ಅಡಗಿರುತ್ತವೆ. ‘ಆಯ್ತು’ ಎನ್ನುವವನ ಮುಖದಲ್ಲಿ ನೆಮ್ಮದಿಯೂ, ‘ಇನ್ನೂ ಇಲ್ಲ’ ಎನ್ನುವವನ ಮುಖದಲ್ಲಿ ತಪ್ಪಿತಸ್ಥನ ಭಾವವೂ ಕಾಣುತ್ತವೆ. ಈ ಎರಡು ಮುಖಗಳನ್ನೂ ನಾನು ಬಾಲ್ಯದಿಂದ ನೋಡುತ್ತ ಬಂದವನು. ಆದುದರಿಂದ ಕೂಡಿಡುವುದು ಗುಣವೋ ದೋಷವೋ ಎಂಬ ಪ್ರಶ್ನೆ ನನ್ನ ಪಾಲಿಗೆ ಪುಸ್ತಕದಿಂದ ಎದ್ದುದಲ್ಲ. ಅಡಿಗೆಮನೆಯ ಅಟ್ಟದಿಂದ ಇಳಿದು ಬಂದುದು.

ನಮ್ಮ ಊರು ಸಕಲೇಶಪುರ, ಆಲೂರು ತಾಲ್ಲೂಕುಗಳ ಗಡಿಯಲ್ಲಿದೆ. ಪಶ್ಚಿಮಕ್ಕೆ ಬಿಸಿಲೆ, ಮಾರನಹಳ್ಳಿಗಳ ಕಡೆ ಸುರಿಯುವ ಮಳೆ ನಮಗಿಲ್ಲ. ಪೂರ್ವಕ್ಕೆ ಹಾಸನದ ಬಯಲಿನ ಬಿಸಿಲೂ ನಮಗಿಲ್ಲ. ಮೃಗಶಿರೆಯಲ್ಲಿ ಹಿಡಿದ ಮಳೆ ಮಖೆಯವರೆಗೆ ಬಿಟ್ಟು ಬಿಟ್ಟು ಹೊಡೆಯುತ್ತದೆ. ಲೆಕ್ಕ ಹಾಕಿದರೆ ಸುಮಾರು ೮೫ ದಿನ. ನಾನು ಹುಡುಗನಾಗಿದ್ದಾಗ, ಈ ದಿನಗಳಲ್ಲಿ ಹಳ್ಳ ತುಂಬಿದರೆ ಸಂತೆಗೆ ಹೋಗುವ ದಾರಿ ಇಲ್ಲ. ಹೋದರೂ ಕೊಂಡು ತಂದ ಉಪ್ಪು ಮನೆ ಸೇರುವ ಹೊತ್ತಿಗೆ ನೀರಾಗುತ್ತಿತ್ತು. ನಮ್ಮ ತಂದೆ ಪ್ರಾಥಮಿಕ ಶಾಲೆಯ ಮೇಷ್ಟರು. ಒಂದೂವರೆ ಎಕರೆ ಗದ್ದೆ, ಮನೆಯ ಹಿಂದೆ ನಾಲ್ಕಾರು ಸಾಲು ಕಾಫಿ ಗಿಡ, ಐದು ಬಾಯಿ. ದೊಡ್ಡ ತೋಟದ ಮನೆಗಳವರು ಲಾರಿಯಲ್ಲಿ ಸಾಮಾನು ತರಿಸಿ ಉಗ್ರಾಣ ತುಂಬುತ್ತಿದ್ದರು. ನಮ್ಮ ಅವ್ವ ಸಂಬಳದ ಕಾಸಿನಲ್ಲೇ ಅದನ್ನು ಮಾಡಬೇಕಾಗಿತ್ತು.

ಆಕೆ ಮಾಡುತ್ತಿದ್ದ ಬಗೆಯನ್ನು ಈಗ ನೆನೆದರೆ ಅದರಲ್ಲಿ ಒಂದು ಅರ್ಥಶಾಸ್ತ್ರವೇ ಇದ್ದಿತೆಂದು ತೋರುತ್ತದೆ. ಯುಗಾದಿಯಿಂದ ಮೃಗಶಿರೆಗೆ ಹತ್ತು ವಾರ; ಹತ್ತು ವಾರಕ್ಕೆ ಹತ್ತು ಸಂತೆ. ಪ್ರತಿ ಸಂತೆಯಲ್ಲೂ ವಾರದ ಖರ್ಚಿನ ಮೇಲೆ ಒಂದೇ ಒಂದು ಪದಾರ್ಥವನ್ನು ಹೆಚ್ಚಾಗಿ ಕೊಳ್ಳುವುದು. ಯಾವುದು ಮೊದಲು ಎಂಬುದನ್ನು ಬೆಳೆ ಗೊತ್ತುಮಾಡುತ್ತಿತ್ತು. ಹೊಸ ಹುಣಿಸೆ, ಹೊಸ ಮೆಣಸಿನಕಾಯಿ, ಹೊಸ ತೊಗರಿ—ಇವು ಬೇಸಗೆಯಲ್ಲಿ ಬಂದು ಬೀಳುವಾಗ ಬೆಲೆ ಇಳಿದಿರುತ್ತದೆ. ಆಗ ಅವನ್ನು ಕೊಳ್ಳಬೇಕು. ಬೆಲ್ಲ ಆಮೇಲೆ, ಉಪ್ಪು, ಸೀಮೆಎಣ್ಣೆ, ಬೆಂಕಿಪೊಟ್ಟಣ ಕಡೆಯಲ್ಲಿ. ದುಡ್ಡಿಲ್ಲದೆ ಸಿಕ್ಕುವುದನ್ನು ದುಡ್ಡಿಲ್ಲದೆಯೇ ಕೂಡಿಡಬೇಕು. ಹಲಸಿನ ಹಣ್ಣಿನ ಕಾಲದಲ್ಲಿ ಬೀಜವನ್ನು ಕೆಮ್ಮಣ್ಣಿನಲ್ಲಿ ಹೊರಳಿಸಿ ಮೂಲೆಯಲ್ಲಿ ಸುರಿಯುವುದು, ತೊಳೆಯ ಹಪ್ಪಳ ಒತ್ತುವುದು, ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕುವುದು, ಬಲಿತ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಜಂತೆಗೆ ತೂಗುಹಾಕುವುದು. ಘಟ್ಟದ ಕೆಳಗಿನಿಂದ ಬರುವ ಒಣಮೀನನ್ನು ತಿನ್ನುವ ಮನೆಗಳಲ್ಲಿ ಅದಕ್ಕೊಂದು ಬುಟ್ಟಿ.

ಕೂಡಿಟ್ಟುದನ್ನು ಕಾಯುವುದು ಇನ್ನೊಂದು ವಿದ್ಯೆ. ಬಯಲುಸೀಮೆಯ ರೈತ ರಾಗಿಯನ್ನು ಹಗೇವಿನಲ್ಲಿ ಹೂತಿಟ್ಟು ವರ್ಷಗಟ್ಟಲೆ ನಿಶ್ಚಿಂತನಾಗಿರಬಲ್ಲ. ನಮ್ಮಲ್ಲಿ ನೆಲವನ್ನು ಅಗೆದರೆ ಒರತೆ ಏಳುತ್ತದೆ. ಆದುದರಿಂದ ಬಯಲಿನ ಉಗ್ರಾಣ ನೆಲದ ಕೆಳಗೆ, ಮಲೆನಾಡಿನದು ತಲೆಯ ಮೇಲೆ. ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಮೆಣಸಿನಕಾಯಿ, ಬೀಜದ ಭತ್ತ, ಹಪ್ಪಳ. ತೊಗರಿಬೇಳೆಗೆ ಹರಳೆಣ್ಣೆ ಸವರಿ ಬಿಸಿಲಿಗೆ ಹಾಕಿ ತುಂಬುವುದು, ಅಕ್ಕಿಯ ನಡುವೆ ಬೇವಿನ ಇಲ್ಲವೆ ಲಕ್ಕಿಯ ಸೊಪ್ಪನ್ನು ಇಡುವುದು. ಇವೆಲ್ಲಕ್ಕಿಂತ ದೊಡ್ಡ ನಿಯಮ ಒಂದಿತ್ತು: ಹಳೆಯದು ಮುಂದಕ್ಕೆ, ಹೊಸದು ಹಿಂದಕ್ಕೆ. ಹೊಸ ಹುಣಿಸೆ ಮನೆಗೆ ಬಂದ ದಿನ ಹಳೆಯ ಹುಣಿಸೆಯ ಸಾರು. ಮಕ್ಕಳಾದ ನಮಗೆ ಇದು ದೊಡ್ಡ ಅನ್ಯಾಯವಾಗಿ ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಹೊಸದನ್ನು ಯಾರೂ ಹೊಸದಾಗಿರುವಾಗ ತಿಂದವರಲ್ಲ ಎಂದು ನನ್ನ ತಂಗಿ ಈಗಲೂ ನಗುತ್ತಾಳೆ.

ಇಲ್ಲಿಯವರೆಗೆ ಇದು ಜಾಣತನದ ಕಥೆ. ಆದರೆ ಜಾಣತನವೆಲ್ಲ ಧರ್ಮವಾಗಬೇಕೆಂದೇನೂ ಇಲ್ಲ. ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಒಮ್ಮೆ ನಾನು ಈ ಅಟ್ಟದ ವರ್ಣನೆಯನ್ನು ಅಭಿಮಾನದಿಂದ ಮಾಡಿದಾಗ, ತತ್ತ್ವಶಾಸ್ತ್ರದ ಗೆಳೆಯರೊಬ್ಬರು ಮುಗುಳ್ನಕ್ಕು, ‘ಇದು ನಾಳೆಯನ್ನು ನಂಬದವರ ಸಂಸಾರ, ಮೇಷ್ಟ್ರೆ. ಭಯಕ್ಕೆ ಮುಚ್ಚಳ ಹಾಕಿ ಭರಣಿಯಲ್ಲಿಟ್ಟಿದ್ದೀರಿ’ ಎಂದರು. ನನಗೆ ಸಿಟ್ಟು ಬಂದಿತು. ಸಿಟ್ಟು ಬಂದುದರಿಂದಲೇ ಅವರ ಮಾತಿನಲ್ಲಿ ಏನೋ ಇದೆಯೆಂದು ತಿಳಿಯಿತು.

ನಮ್ಮ ಹಳಬರು ಈ ವಿಷಯವನ್ನು ಯೋಚಿಸದೆ ಬಿಟ್ಟವರಲ್ಲ. ಮನುಸ್ಮೃತಿ ಬ್ರಾಹ್ಮಣ ಗೃಹಸ್ಥರಲ್ಲಿ ನಾಲ್ಕು ಬಗೆ ಹೇಳುತ್ತದೆ: ಕಣಜ ತುಂಬ ಧಾನ್ಯವುಳ್ಳವನು, ಒಂದು ಮಡಕೆಯಷ್ಟು ಉಳ್ಳವನು, ಮೂರು ದಿನಕ್ಕಾಗುವಷ್ಟು ಉಳ್ಳವನು, ನಾಳೆಗೆಂದು ಏನನ್ನೂ ಇಡದವನು. ಇವರಲ್ಲಿ ಒಬ್ಬರಿಗಿಂತ ಅವರ ಮುಂದಿನವರು ಶ್ರೇಷ್ಠರಂತೆ. ನಾಳೆಗಿಲ್ಲದವನೇ ಎಲ್ಲರಿಗಿಂತ ಮೇಲು. ಓದಲು ಬಹಳ ಚೆನ್ನಾಗಿದೆ. ಆದರೆ ಆಶ್ಲೇಷದ ಮಳೆ ಒಂದೇ ಸಮನೆ ಹೊಡೆಯುತ್ತಿರುವಾಗ ಆ ನಾಲ್ಕನೆಯ ಗೃಹಸ್ಥನ ಮನೆಯಲ್ಲಿ ಒಲೆ ಹೇಗೆ ಉರಿಯುತ್ತದೆ? ಮೊದಲನೆಯ ಗೃಹಸ್ಥನ ಕಣಜದಿಂದ. ಕೂಡಿಡದವನ ಹಿರಿಮೆ ಕೂಡಿಟ್ಟವನ ಅಟ್ಟದ ಮೇಲೆ ನಿಂತಿದೆ. ಇದನ್ನು ಮರೆತು ಕೂಡಿಟ್ಟವನನ್ನು ಕೀಳೆಂದರೆ ಉಂಡ ಮನೆಗೆ ಹೇಳುವ ಮಾತಾದೀತು.

ಆಯ್ದಕ್ಕಿ ಲಕ್ಕಮ್ಮನದು ಇದಕ್ಕಿಂತ ಕಠಿಣವಾದ ಪಾಠ. ಆಕೆಯ ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಸಂತೋಷಪಡಲಿಲ್ಲ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ಕಳುಹಿಸಿದಳು. ಈಕೆ ಬೇಡಿ ತಿಂದವಳಲ್ಲ, ದುಡಿದು ತಿಂದವಳು. ಆದುದರಿಂದ ಆಕೆಗೆ ಹಾಗೆ ಹೇಳುವ ಹಕ್ಕಿತ್ತು. ತರಗತಿಯಲ್ಲಿ ಈ ಕಥೆಯನ್ನು ಹೇಳುವಾಗಲೆಲ್ಲ ನನಗೆ ಅವ್ವನ ಅಟ್ಟ ನೆನಪಾಗಿ ಕೊಂಚ ಮುಜುಗರವಾಗುತ್ತಿತ್ತು. ಲಕ್ಕಮ್ಮ ನಮ್ಮ ಮನೆಗೆ ಬಂದಿದ್ದರೆ ಅವ್ವನಿಗೆ ಏನೆನ್ನುತ್ತಿದ್ದಳು? ಬಹುದಿನ ಯೋಚಿಸಿದ ಮೇಲೆ ನನಗೆ ತೋರಿದುದು ಇಷ್ಟು. ಲಕ್ಕಮ್ಮ ಕೇಳಿದುದು ಅಕ್ಕಿಯ ರಾಶಿ ದೊಡ್ಡದೋ ಚಿಕ್ಕದೋ ಎಂದಲ್ಲ. ಅಳತೆ ಎಲ್ಲಿಂದ ಬಂತು ಎಂದು. ದಿನದ ಅಕ್ಕಿ ಇಷ್ಟೆಂದು ಆಕೆ ಮೊದಲೇ ಗೊತ್ತುಮಾಡಿಕೊಂಡಿದ್ದಳು. ಅಂದು ಮಾರಯ್ಯನ ಕೈ ಆ ಅಳತೆಯನ್ನು ಮೀರಿತ್ತು. ನಮ್ಮ ಜಿಲ್ಲೆಯ ಶ್ರವಣಬೆಳಗೊಳದ ಧರ್ಮವೂ ಗೃಹಸ್ಥನಿಗೆ ಇದನ್ನೇ ಹೇಳುತ್ತದೆ. ಮುನಿಗೆ ಪೂರ್ಣ ಅಪರಿಗ್ರಹ. ಸಂಸಾರಿಗೆ ಪರಿಗ್ರಹ ಪರಿಮಾಣ, ಅಂದರೆ ತನ್ನ ಹೊಲ ಮನೆ ಧಾನ್ಯಗಳಿಗೆ ತಾನೇ ಮುಂದಾಗಿ ಒಂದು ಎಲ್ಲೆ ಹಾಕಿಕೊಳ್ಳುವುದು. ದಿನಕ್ಕೆ ಒಂದು ಹಿಡಿಯೋ ೮೫ ದಿನಕ್ಕೆ ಒಂದು ಕಣಜವೋ ಎಂಬುದನ್ನು ಮಳೆ ಹೇಳಲಿ. ಎಲ್ಲೆಯನ್ನು ಮಾತ್ರ ನಾವೇ ಹಾಕಿಕೊಳ್ಳಬೇಕು, ಅದೂ ಮನಸ್ಸು ತಿಳಿಯಾಗಿರುವಾಗ.

ಮನಸ್ಸು ತಿಳಿಯಿಲ್ಲದಾಗ ಏನಾಗುತ್ತದೆಂಬುದಕ್ಕೆ ನಾನೇ ಸಾಕ್ಷಿ. ೨೦೨೦ರ ಮಾರ್ಚ್ ೨೪ರ ರಾತ್ರಿ ಎಂಟು ಗಂಟೆಗೆ ದೇಶವೆಲ್ಲ ಬಾಗಿಲು ಹಾಕುವುದೆಂಬ ಘೋಷಣೆ ಬಂದಾಗ ನಾನು ಹಾಸನದಲ್ಲಿದ್ದೆ. ಕೈಗೆ ಸಿಕ್ಕ ಚೀಲಗಳನ್ನು ಹಿಡಿದು ಅಂಗಡಿಗೆ ಓಡಿದೆ. ಮೂರು ಜನರ ಮನೆಗೆ ಐವತ್ತು ಕಿಲೋ ಅಕ್ಕಿ, ಹತ್ತು ಕಿಲೋ ತೊಗರಿಬೇಳೆ, ಐದು ಕಿಲೋ ಸಕ್ಕರೆ. ಯಾವ ಲೆಕ್ಕದಿಂದ ಎಂದು ಕೇಳಿದ್ದರೆ ಉತ್ತರವಿರಲಿಲ್ಲ. ಮುಂದಿನವನು ಕೊಂಡದ್ದಕ್ಕಿಂತ ಒಂದು ಹೆಚ್ಚು ಎಂಬುದೇ ಲೆಕ್ಕ. ನನ್ನ ಹಿಂದೆ ಒಬ್ಬ ವೃದ್ಧರು ನಿಂತಿದ್ದರು. ಅರ್ಧ ಕಿಲೋ ಬೇಳೆ ಕೇಳಿದರು. ಅಂಗಡಿಯವನು ‘ಮುಗೀತು ಯಜಮಾನ್ರೆ’ ಎಂದ. ಅವರು ಏನೂ ಮಾತಾಡಲಿಲ್ಲ. ನನ್ನ ಚೀಲವನ್ನು ಒಮ್ಮೆ ನೋಡಿದರು. ಒಂದು ಕಿಲೋ ತೆಗೆದು ಅವರಿಗೆ ಕೊಡಬೇಕೆಂದು ಮನಸ್ಸಿಗೆ ಬಂದಿತ್ತು. ಅಷ್ಟರಲ್ಲಿ ಕಾಲು ಮನೆಯ ಕಡೆ ತಿರುಗಿತ್ತು.

ದಿನಸಿ ಅಂಗಡಿಗಳು ಮುಂದೆಯೂ ತೆರೆದೇ ಇದ್ದುವು. ಆಷಾಢದ ಹೊತ್ತಿಗೆ ನನ್ನ ಬೇಳೆಗೆ ಹುಳು ಬಿದ್ದಿತು. ಹರಳೆಣ್ಣೆ ಸವರಬೇಕೆಂಬುದು ಭಯದಲ್ಲಿ ಮರೆತುಹೋಗಿತ್ತು. ಊರಿಗೆ ಫೋನು ಮಾಡಿ ಅವ್ವನಿಗೆ ಹೇಳಿದಾಗ ಆಕೆ, ‘ಮನುಷ್ಯರ ಪಾಲನ್ನ ತಂದಿಟ್ಟುಕೊಂಡೆ. ಹುಳ ತನ್ನ ಪಾಲು ಕೇಳ್ತು ಕಣೋ ಮಗ’ ಎಂದಳು. ಅದೇ ವರ್ಷ ಮಾರ್ಚ್ ೧೩ರಂದು ಸರ್ಕಾರ ಮುಖಗವಸನ್ನು ೧೯೫೫ರ ಅಗತ್ಯ ವಸ್ತುಗಳ ಕಾಯಿದೆಯ ಕೆಳಗೆ ತಂದಿತ್ತು, ಯಾರೂ ಕೂಡಿಟ್ಟು ಕಾಳಸಂತೆ ಮಾಡದಿರಲೆಂದು. ವರ್ತಕನ ದಾಸ್ತಾನಿಗೆ ಕಾಯಿದೆಯುಂಟು. ನನ್ನಂಥವನ ಅಡಿಗೆಮನೆಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಅಲ್ಲಿ ಆ ವೃದ್ಧರ ನೋಟವೊಂದೇ ಕಾಯಿದೆ.

ಅವ್ವ ಕೂಡಿಟ್ಟುದಕ್ಕೂ ನಾನು ಕೂಡಿಟ್ಟುದಕ್ಕೂ ವ್ಯತ್ಯಾಸ ಸ್ಪಷ್ಟವಾಗಿದೆ. ಆಕೆ ಸಂತೆಯಲ್ಲಿ ರಾಶಿ ಬಿದ್ದಿರುವಾಗ ಕೊಂಡಳು. ಯಾರ ಪಾಲೂ ಕಡಿಮೆಯಾಗಲಿಲ್ಲ. ನಾನು ಅಂಗಡಿ ಖಾಲಿಯಾಗುತ್ತಿರುವಾಗ ಕೊಂಡೆ. ಸುಭಿಕ್ಷದಲ್ಲಿ ಕೊಂಡರೆ ಅದು ಎಚ್ಚರ. ಕೊರತೆಯಲ್ಲಿ ಕೊಂಡರೆ ಅದು ಕಸಿಯುವುದು. ಇಷ್ಟಕ್ಕೆ ಪ್ರಬಂಧವನ್ನು ಮುಗಿಸಿದ್ದರೆ ಅಚ್ಚುಕಟ್ಟಾಗಿರುತ್ತಿತ್ತು. ಆದರೆ ಅವ್ವನ ಅಟ್ಟವೂ ಪೂರ್ತಿ ನಿಷ್ಕಳಂಕವಾದುದಲ್ಲ. ಅದನ್ನು ಹೇಳದೆ ಬಿಟ್ಟರೆ ನಾನು ವಾಚಕರಿಗೆ ಅರ್ಧ ಸತ್ಯವನ್ನು ಮಾತ್ರ ಕೊಟ್ಟಂತಾಗುತ್ತದೆ.

ನನಗೆ ಆಗ ಹತ್ತು ವರ್ಷವಿದ್ದಿರಬಹುದು. ಆಶ್ಲೇಷದ ಮಳೆ ಹನ್ನೊಂದು ದಿನ ಬಿಡದೆ ಹಿಡಿದಿತ್ತು. ಪಕ್ಕದ ತೋಟದಲ್ಲಿ ಕೆಲಸ ನಿಂತು ಕೂಲಿ ಲೈನಿನವರಿಗೆ ವಾರದ ಬಟವಾಡೆ ಆಗಿರಲಿಲ್ಲ. ಮೊದಲು ಒಬ್ಬಾಕೆ ಬಂದು ಎರಡು ಸೇರು ಅಕ್ಕಿ ಸಾಲ ಕೇಳಿದಳು. ಅವ್ವ ಕೊಟ್ಟಳು. ಎರಡು ದಿನ ಬಿಟ್ಟು ಮತ್ತೆ ಮೂವರು ಬಂದರು. ಅವ್ವ ಅಟ್ಟ ಹತ್ತಿ ಬಹಳ ಹೊತ್ತು ಇಳಿಯಲಿಲ್ಲ. ಇಳಿದು ಬಂದು ಇಬ್ಬರಿಗೆ ಅರ್ಧರ್ಧ ಸೇರು ಅಳೆದು ಕೊಟ್ಟಳು. ಮೂರನೆಯವಳು ಗೊರಬಿನ ಕೆಳಗೆ ಮಗುವನ್ನು ಅವುಚಿಕೊಂಡು ಜಗಲಿಯ ಅಂಚಿನಲ್ಲಿ ನಿಂತಿದ್ದಳು. ‘ಅಮ್ಮೋರೆ, ಬಟವಾಡೆ ಆದ ದಿನವೇ ತಂದುಕೊಡ್ತೀನಿ’ ಎಂದಳು. ಅವ್ವ ಅವಳ ಮುಖ ನೋಡದೆ, ‘ಇನ್ನಿಲ್ಲ ಕಣಮ್ಮ’ ಎಂದುಬಿಟ್ಟಳು. ಅಕ್ಕಿ ಇತ್ತು. ಅದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವ್ವನಿಗೂ ಗೊತ್ತಿತ್ತು.

ಆ ರಾತ್ರಿ ಅವ್ವ ಉಣ್ಣಲಿಲ್ಲ. ಅಪ್ಪ, ‘ನಮ್ಮ ಮಕ್ಕಳೂ ಉಣ್ಣಬೇಕಲ್ಲ. ನೀನು ಮಾಡಿದ್ದು ತಪ್ಪಲ್ಲ’ ಎಂದರು. ‘ತಪ್ಪಲ್ಲ ಅಂತ ನನಗೂ ಗೊತ್ತು. ಆದ್ರೂ ಅನ್ನ ಇಳೀತಿಲ್ಲ’ ಎಂದಳು ಅವ್ವ.

ಮರುದಿನ ಬೆಳಗ್ಗೆ ಒಂದು ಸೇರು ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ನನ್ನನ್ನು ಲೈನಿಗೆ ಕಳುಹಿಸಿದಳು. ಆ ಮನೆಗೆ ಬೀಗ ಹಾಕಿತ್ತು. ಗಂಡ ಹೆಂಡತಿ ಮಗುವನ್ನು ಎತ್ತಿಕೊಂಡು ನಸುಕಿನಲ್ಲೇ ತೋಟ ಬಿಟ್ಟು ಹೋದರೆಂದು ಪಕ್ಕದವರು ಹೇಳಿದರು. ಎಲ್ಲಿಗೆಂದು ಅವರಿಗೂ ತಿಳಿಯದು. ಆ ಸಾಲು ಮನೆಗಳನ್ನು ನಾನು ಒಳಗಿನಿಂದ ನೋಡಿದುದು ಅಂದೇ ಮೊದಲು. ಮಾಡು ಸೋರುತ್ತಿತ್ತು, ನೆಲ ಜಿನುಗುತ್ತಿತ್ತು, ಅಟ್ಟವೆಂಬುದೇ ಇರಲಿಲ್ಲ. ಅವರೇಕೆ ಮಳೆಗಾಲಕ್ಕೆ ಕೂಡಿಡುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಅಲ್ಲಿ ತೊಟ್ಟಿಕ್ಕುತ್ತಿತ್ತು. ಕೂಡಿಡಲು ಬುದ್ಧಿಯೊಂದಿದ್ದರೆ ಸಾಲದು. ಒಣಗಿದ ಒಂದು ಮೂಲೆ ಬೇಕು. ವೈಶಾಖದಲ್ಲಿ ಕೈಯಲ್ಲಿ ನಾಲ್ಕು ಕಾಸು ಮಿಗಬೇಕು. ವಾರಕ್ಕೊಮ್ಮೆ ಕೂಲಿ ಪಡೆದು ಕಾಲು ಸೇರು ಬೇಳೆ ಕೊಳ್ಳುವವನು ಆಷಾಢದ ಏರಿದ ಬೆಲೆಯಲ್ಲೇ ಕೊಳ್ಳುತ್ತಾನೆ. ಬಡವನ ಬೇಳೆ ಉಳ್ಳವನ ಬೇಳೆಗಿಂತ ತುಟ್ಟಿ. ಹೀಗಿರುವಾಗ ಅವನಿಗೆ ಮುಂದಾಲೋಚನೆ ಇಲ್ಲವೆಂದು ಜರಿಯುವುದು ಅವನ ಸೋರುವ ಮಾಡಿನ ಕೆಳಗೆ ನಿಲ್ಲದೆ ಆಡುವ ಮಾತು.

ಹಿಂದಕ್ಕೆ ತಂದ ಆ ಒಂದು ಸೇರು ಅಕ್ಕಿಯನ್ನು ಅವ್ವ ಮತ್ತೆ ಕಣಜಕ್ಕೆ ಸೇರಿಸಲಿಲ್ಲ. ಬೇರೆ ಒಂದು ಮಡಕೆಯಲ್ಲಿ ಹಾಕಿಟ್ಟಳು. ಅಂದಿನಿಂದ ಎರಡು ಹೊತ್ತೂ ಒಲೆಯ ಮೇಲೆ ಎಸರಿಟ್ಟು ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ಹಿಂತೆಗೆದು ಆ ಮಡಕೆಗೆ ಹಾಕುವುದು ಪದ್ಧತಿಯಾಯಿತು. ಹಿಡಿಯಕ್ಕಿ ತೆಗೆದಿಡುವುದು ನಮ್ಮ ನಾಡಿಗೆ ಹೊಸದಲ್ಲ; ದೇವರಿಗೆ, ಮಠಕ್ಕೆ ಹಾಗೆ ತೆಗೆದಿಡುತ್ತಾರೆ. ಅವ್ವ ಬಾಗಿಲಿಗೆ ಬಂದವರಿಗೆ ತೆಗೆದಿಟ್ಟಳು. ದೀಪಾವಳಿಯಿಂದ ಮೃಗಶಿರೆಯವರೆಗೆ ಸುಮಾರು ೨೧೦ ದಿನ. ದಿನಕ್ಕೆ ಎರಡು ಹಿಡಿಯಂತೆ ೪೨೦ ಹಿಡಿ. ಇಪ್ಪತ್ತು ಹಿಡಿಗೆ ಒಂದು ಸೇರಾದರೆ ೨೧ ಸೇರು. ಸಂತೆಯ ಖರ್ಚು ಒಂದು ಕಾಸೂ ಏರಲಿಲ್ಲ. ನಮ್ಮ ತಟ್ಟೆಗಳಿಂದ ಹೋದುದು ಒಬ್ಬೊಬ್ಬರಿಗೆ ಒಂದೆರಡು ತುತ್ತು. ಆ ಮಡಕೆಯಲ್ಲಿ ಅಕ್ಕಿ ಇರುವವರೆಗೆ ಅವ್ವ ಅಟ್ಟ ಹತ್ತಿ ಎಣಿಸಬೇಕಾಗಿರಲಿಲ್ಲ, ಸುಳ್ಳು ಹೇಳಬೇಕಾಗಿರಲಿಲ್ಲ. ಅದು ಮುಗಿದರೆ ‘ಮುಗಿಯಿತು’ ಎಂದು ಮುಖ ನೋಡಿ ಹೇಳಬಲ್ಲವಳಾದಳು.

ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದರಷ್ಟೆ. ಅದರಲ್ಲಿ ಕೋಷ್ಠಾಗಾರದ ಅಧ್ಯಕ್ಷನಿಗೆ ಒಂದು ವಿಧಿಯಿದೆ: ಸಂಗ್ರಹದಲ್ಲಿ ಅರ್ಧವನ್ನು ಜನಪದದ ಆಪತ್ತಿಗೆಂದು ತೆಗೆದಿಟ್ಟು ಉಳಿದರ್ಧವನ್ನು ಮಾತ್ರ ಬಳಸಬೇಕು, ಹಳೆಯದನ್ನು ತೆಗೆದು ಹೊಸದನ್ನು ತುಂಬುತ್ತಿರಬೇಕು. ಓದುತ್ತ ನಾನು ಬೆರಗಾದೆ. ಎರಡನೆಯ ವಿಧಿಯನ್ನು ಅವ್ವ ಹುಣಿಸೆಯ ಭರಣಿಯಲ್ಲಿ ಪಾಲಿಸಿದ್ದಳು. ಮೊದಲನೆಯದನ್ನು ಆ ಮಗುವಿನ ತಾಯಿ ಹಿಂದಿರುಗಿ ಹೋದ ಮೇಲೆ ಕಲಿತಳು. ಅರ್ಧ ತೆಗೆದಿಡುವ ಶಕ್ತಿ ಆಕೆಗಿರಲಿಲ್ಲ. ಅದು ಅರಸಿನ ಶಕ್ತಿ. ಬರದಲ್ಲಿ, ಪ್ರವಾಹದಲ್ಲಿ ಹಿಡಿಯಕ್ಕಿಯಿಂದ ಊರನ್ನು ಉಳಿಸಲಾಗದು. ೧೯೬೫ರಲ್ಲಿ ಭಾರತ ಆಹಾರ ನಿಗಮ ಹುಟ್ಟಿದುದು, ೨೦೧೩ರಲ್ಲಿ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಬಂದುದು ಸೋರುವ ಮಾಡಿನವರಿಗೂ ಎಲ್ಲೋ ಒಂದು ಒಣಗಿದ ಅಟ್ಟವಿರಲಿ ಎಂದೇ. ಬಿಟ್ಟಿ ಅಕ್ಕಿಯಿಂದ ಜನ ಸೋಮಾರಿಗಳಾದರೆಂದು ಹೇಳುವ ಮಿತ್ರರು ನನಗಿದ್ದಾರೆ. ಅವರ ಮನೆಯಲ್ಲಿ ಉಗ್ರಾಣದ ಕೋಣೆ ಇದೆ.

ಈಗ ದಾರಿಗಳಿವೆ, ಅಂಗಡಿಗಳಿವೆ, ಇನ್ನೇತರ ಅಟ್ಟ ಎಂದು ಕೇಳುವವರೂ ಉಂಟು. ೨೦೧೮ರ ಆಗಸ್ಟಿನಲ್ಲಿ ಸಕಲೇಶಪುರದ ಗುಡ್ಡಗಳು ಜರಿದುವು. ಶಿರಾಡಿ ಘಟ್ಟ ಮುಚ್ಚಿತು. ಸುಬ್ರಹ್ಮಣ್ಯ ರಸ್ತೆಯ ಕಡೆಯ ರೈಲುಮಾರ್ಗದ ಮೇಲೆ ಮಣ್ಣು ಬಿದ್ದು ವಾರಗಟ್ಟಲೆ ಬಂಡಿ ಓಡಲಿಲ್ಲ. ೨೦೨೪ರ ಜುಲೈಯಲ್ಲಿ ಮತ್ತೆ ಘಟ್ಟ ಕುಸಿಯಿತು, ಹಳಿಯ ಕೆಳಗಿನ ಮಣ್ಣು ಜಾರಿತು. ೨೦೧೮ರ ಆ ದಿನಗಳಲ್ಲಿ ನಮ್ಮೂರಿನ ವಿದ್ಯುತ್ತು, ಫೋನು ಎರಡೂ ನಿಂತಿದ್ದುವು. ಐದನೆಯ ದಿನ ಹೇಗೋ ಮನೆ ತಲಪಿದಾಗ ಜಗಲಿಯಲ್ಲಿ ಆರು ಜನ ಊಟಕ್ಕೆ ಕುಳಿತಿದ್ದರು; ತಗ್ಗಿನ ಮನೆಗಳವರು, ಗುಡ್ಡಕ್ಕೆ ಹೆದರಿ ಬಂದವರು. ಅವ್ವ ಹಲಸಿನ ಬೀಜದ ಸಾರು ಬಡಿಸುತ್ತಿದ್ದಳು. ‘ಮಡಕೆ ಮುಗಿಯಿತೇನವ್ವ?’ ಎಂದೆ. ‘ಮೊನ್ನೆಯೇ ಮುಗೀತು. ಈಗ ಕಣಜದ್ದು ನಡೀತಿದೆ’ ಎಂದಳು. ಎಲ್ಲೆ ಹಾಕಿಕೊಂಡವಳೇ ಎಲ್ಲೆಯನ್ನು ದಾಟಿದ್ದಳು. ಆದರೆ ಲಕ್ಕಮ್ಮನೂ ಒಪ್ಪುವ ಕಡೆಗೆ.

ಹಾಸನದ ನಮ್ಮ ಮನೆಯಲ್ಲಿ ಈಗ ಅಟ್ಟವಿಲ್ಲ, ಡಬ್ಬಗಳ ಸಾಲು ಇದೆ. ನನ್ನಾಕೆಯೂ ನಾನೂ ಯುಗಾದಿಯ ಮಾರನೆಯ ದಿನ ಕುಳಿತು, ಯಾವುದು ಎಷ್ಟು ಬೇಕೆಂದು ಕಾಗದದ ಮೇಲೆ ಬರೆಯುತ್ತೇವೆ. ಬರೆದುದಕ್ಕಿಂತ ಹೆಚ್ಚು ತರುವುದಿಲ್ಲವೆಂಬುದು ೨೦೨೦ರ ತರುವಾಯದ ಒಪ್ಪಂದ. ಸಾಲಿನ ಕಡೆಯ ಡಬ್ಬದ ಮೇಲೆ ಚೀಟಿ ಅಂಟಿಸಿಲ್ಲ. ಒಂದು ಸಂಜೆ ಮಗಳು ಅದನ್ನು ತೆರೆದು ನೋಡಿ, ‘ಅಪ್ಪ, ಇದೂ ಅಕ್ಕಿಯೇ. ಇದು ಯಾರಿಗೆ?’ ಎಂದಳು. ‘ಇನ್ನೂ ಬಂದಿಲ್ಲದವರಿಗೆ’ ಎಂದೆ. ಅವಳು ಒಂದು ಗಳಿಗೆ ಯೋಚಿಸಿ, ಒಲೆಯ ಪಕ್ಕ ಅಳೆದಿಟ್ಟಿದ್ದ ಪಾತ್ರೆಯಿಂದ ತನ್ನ ಸಣ್ಣ ಕೈಯ ಒಂದು ಹಿಡಿ ತೆಗೆದು ಅದಕ್ಕೆ ಹಾಕಿ ಮುಚ್ಚಳ ಮುಚ್ಚಿದಳು.